ಶತ್ರು ಸೈನಿಕನಿಗೋಸ್ಕರ ಅತ್ತಿದ್ದು ತಪ್ಪಾ?

ಪ್ರಶ್ನೆ: ಸರ್, ಮೊನ್ನೆ 'ಲೆಟರ್ಸ್ ಫ್ರಮ್ ಇವೊ ಜಿಮಾ' ಸಿನಿಮಾ ನೋಡಿದೆ. ಕೊನೆ ಹೊತ್ತಿಗೆ ಜಪಾನಿ ಸೈನಿಕರಿಗೋಸ್ಕರ ಕಣ್ಣಲ್ಲಿ ನೀರು ಬಂತು. ಆಮೇಲೆ ನಂಗೇ ಒಂಥರಾ ಕಸಿವಿಸಿ ಆಯ್ತು. ಯಾಕಂದ್ರೆ ನಮ್ಮಜ್ಜ ಬರ್ಮಾದಲ್ಲಿ ಇವ್ರ ಎದುರೇ ಹೋರಾಡಿ ಕಾಲಿಗೆ ಗುಂಡು ತಿಂದು ಬಂದವರು. ಸಾಯೋವರೆಗೂ ಜಪಾನಿ ಅಂದ್ರೆ ಮುಖ ತಿರುಗಿಸ್ತಿದ್ರು. ಸಿನಿಮಾದಲ್ಲಿ ತೋರಿಸಿರೋದು ಎಷ್ಟು ನಿಜ? ಹೀಗೆ ಅಳೋದು ತಪ್ಪಾ? (ಓದುಗರು, ಮಡಿಕೇರಿ)

ಉತ್ತರ:

ತಪ್ಪಲ್ಲ. ಇದನ್ನ ಮೊದಲೇ ಹೇಳ್ಬಿಡ್ತೀನಿ. ಆದ್ರೆ ನಿಮ್ಮಜ್ಜ ಮುಖ ತಿರುಗಿಸ್ತಿದ್ದಿದ್ದೂ ತಪ್ಪಲ್ಲ. ಈ ಎರಡೂ ಒಟ್ಟಿಗೆ ಹೇಗೆ ಸರಿ ಆಗತ್ತೆ ಅಂತ ಹೇಳೋಕೆ ಸ್ವಲ್ಪ ಉದ್ದಕ್ಕೆ ಬರೀಬೇಕಾಗತ್ತೆ, ತಾಳ್ಮೆಯಿಂದ ಓದಿ.

ಸಿನಿಮಾ ನೋಡದೇ ಇರೋವ್ರಿಗೆ ಎರಡು ಮಾತು. 2006ರಲ್ಲಿ ಬಂದಿದ್ದು, ಡೈರೆಕ್ಟರ್ ಕ್ಲಿಂಟ್ ಈಸ್ಟ್‌ವುಡ್, ಅಂದ್ರೆ ಪಕ್ಕಾ ಅಮೆರಿಕದವರು, ಜಪಾನಿ ಭಾಷೆ ಬರಲ್ಲ. ಆದ್ರೂ ಸಿನಿಮಾ ಹೆಚ್ಚುಕಮ್ಮಿ ಪೂರ್ತಿ ಜಪಾನಿಯಲ್ಲೇ ಇದೆ. ಅದೇ ವರ್ಷ ಅದೇ ಯುದ್ಧದ ಮೇಲೆ ಅಮೆರಿಕನ್ನರ ಕಡೆಯಿಂದ ಅವರೇ ಇನ್ನೊಂದು ಸಿನಿಮಾನೂ ಮಾಡಿದ್ರು, 'ಫ್ಲ್ಯಾಗ್ಸ್ ಆಫ್ ಅವರ್ ಫಾದರ್ಸ್' ಅಂತ, ಬೆಟ್ಟದ ಮೇಲೆ ಸೈನಿಕರು ಬಾವುಟ ನೆಡ್ತಿರೋ ಆ ಫೇಮಸ್ ಫೋಟೋ ಇದ್ಯಲ್ಲ, ಅದರ ಹಿಂದಿನ ಕತೆ. ಆ ಸಿನಿಮಾದಲ್ಲಿ ಜಪಾನಿಗಳ ಮುಖನೇ ಸರಿಯಾಗಿ ಕಾಣಲ್ಲ, ನೆಲದಿಂದ ಗುಂಡು ಬರತ್ತೆ ಅಷ್ಟೇ. ಈ ಸಿನಿಮಾ ಆ ನೆಲದ ಒಳಗಡೆ ಹೋಗತ್ತೆ. ಸ್ಕ್ರಿಪ್ಟ್ ಬರೆದಿದ್ದು ಐರಿಸ್ ಯಮಾಶಿತಾ, ಮೊದಲು ಇಂಗ್ಲಿಷಲ್ಲಿ ಬರೆದು ಆಮೇಲೆ ಜಪಾನಿಗೆ ತಂದಿದ್ದು. ಸೌಂಡ್ ಎಡಿಟಿಂಗಿಗೆ ಆಸ್ಕರ್ ಬಂತು. ದುಡ್ಡು ಜಾಸ್ತಿ ಆಗಿದ್ದು ಮಾತ್ರ ಅಮೆರಿಕದಲ್ಲಲ್ಲ, ಜಪಾನಲ್ಲಿ.

ಈಗ ನಿಜ ಎಷ್ಟು ಅನ್ನೋದಕ್ಕೆ ಬರೋಣ.

ಇವೊ ಜಿಮಾ ಅಂದ್ರೆ ಗಂಧಕದ ದ್ವೀಪ. ಟೋಕಿಯೋದಿಂದ ದಕ್ಷಿಣಕ್ಕೆ ಸುಮಾರು 1,200 ಕಿಲೋಮೀಟರ್ ದೂರ ಸಮುದ್ರದ ಮಧ್ಯೆ ಇರೋ ಇಪ್ಪತ್ತೊಂದು ಚದರ ಕಿಲೋಮೀಟರಿನ ಜಾಗ, ಒಂದು ತುದಿಗೆ 169 ಮೀಟರ್ ಎತ್ತರದ ಸುರಿಬಾಚಿ ಗುಡ್ಡ, ಕಪ್ಪು ಮರಳು, ಕೊಳೆತ ಮೊಟ್ಟೆ ವಾಸನೆ, ಕುಡಿಯೋಕೆ ಹೊಳೆ ಇಲ್ಲ ಕೆರೆ ಇಲ್ಲ, ಮಳೆ ಬಂದ್ರೆ ಹಿಡಿದಿಟ್ಕೋಬೇಕು. ಬಾವಿ ತೋಡಿದ್ರೆ ಉಪ್ಪು, ಗಂಧಕ ಬೆರೆತ ನೀರು. ಸಿನಿಮಾದಲ್ಲಿ ಒಬ್ಬ ಸೈನಿಕ ಭೇದಿ ಹತ್ತಿ ಸಾಯ್ತಾನಲ್ಲ, ಅದು ಸುಮ್ಮನೆ ಕಣ್ಣೀರಿಗೆ ಅಂತ ಸೇರಿಸಿದ್ದಲ್ಲ, ಅಮೆರಿಕದ ಹಡಗು ಕಣ್ಣಿಗೆ ಬೀಳೋ ಮುಂಚೆನೇ ಅಲ್ಲಿ ಜನ ಹಾಗೆ ಸಾಯ್ತಿದ್ರು.

ಇಷ್ಟು ಸಣ್ಣ ಜಾಗಕ್ಕೆ ಯಾಕೆ ಜಗಳ ಅಂದ್ರೆ ವಿಮಾನ. ಮರಿಯಾನಾ ದ್ವೀಪಗಳಿಂದ ಹೊರಟ ಅಮೆರಿಕದ ಬಿ-29 ಬಾಂಬರ್‌ಗಳು ಜಪಾನಿಗೆ ಹೋಗೋ ದಾರಿಯಲ್ಲೇ ಇದು ಸಿಗತ್ತೆ, ಇಲ್ಲಿ ರನ್‌ವೇ ಇತ್ತು. 1945ರ ಫೆಬ್ರವರಿ 19ಕ್ಕೆ ಅಮೆರಿಕನ್ನರು ಇಳಿದ್ರು, ನಾಲ್ಕೈದು ದಿನದ ಕೆಲಸ ಅಂತ ಲೆಕ್ಕ ಹಾಕಿದ್ರು, ಮುಗಿದಿದ್ದು ಮಾರ್ಚ್ 26ಕ್ಕೆ. ಸುಮಾರು 70,000 ಅಮೆರಿಕನ್ನರ ಎದುರು ಸುಮಾರು 21,000 ಜಪಾನಿಗಳು. ಅಮೆರಿಕದವರು ಸತ್ತಿದ್ದು ಸುಮಾರು 6,800, ಗಾಯಗೊಂಡವರನ್ನೂ ಸೇರಿಸಿದ್ರೆ ಅವರ ನಷ್ಟ ಜಪಾನಿಗಳ ನಷ್ಟಕ್ಕಿಂತ ಜಾಸ್ತಿ. ಜಪಾನಿಗಳ ಕಡೆ ಯುದ್ಧ ನಡೀತಿದ್ದಾಗ ಸೆರೆ ಸಿಕ್ಕಿದ್ದು 216 ಜನ. ಆಮೇಲೆ ಸಿಕ್ಕವರನ್ನೆಲ್ಲ ಸೇರಿಸಿದ್ರೂ ಉಳಿದಿದ್ದು ಸುಮಾರು ಸಾವಿರ. ಇಪ್ಪತ್ತರಲ್ಲಿ ಹತ್ತೊಂಬತ್ತು ಜನ ವಾಪಸ್ ಹೋಗ್ಲಿಲ್ಲ. ಈ ಲೆಕ್ಕ ಮನಸ್ಸಲ್ಲಿಟ್ಕೊಂಡು ಸಿನಿಮಾ ನೋಡಿದ್ರೆ, ತೆರೆ ಮೇಲೆ ಅನ್ನ ತಿಂತಿರೋ, ಬೈತಿರೋ, ನಗ್ತಿರೋ ಪ್ರತಿಯೊಬ್ಬನೂ ಬೇರೆ ಥರ ಕಾಣ್ತಾನೆ.

ಜನರಲ್ ಕುರಿಬಯಾಶಿ (ಕೆನ್ ವತಾನಬೆ ಮಾಡಿರೋ ಪಾತ್ರ) ನಿಜವಾದ ಮನುಷ್ಯ. ಪೂರ್ತಿ ಹೆಸರು ತಾದಾಮಿಚಿ ಕುರಿಬಯಾಶಿ. 1928ರಿಂದ 30ರವರೆಗೆ ಅಮೆರಿಕದಲ್ಲಿದ್ದ, ಜಪಾನಿ ಸೇನೆಯ ಕಡೆಯಿಂದ ಹೋದವನು, ಅಲ್ಲಿ ಕಾರಲ್ಲಿ ಊರೂರು ಸುತ್ತಿ, ಓದೋಕೆ ಬಾರದ ಪುಟ್ಟ ಮಗನಿಗೆ ಚಿತ್ರ ಬರೆದು ಕಾಗದ ಕಳಿಸ್ತಿದ್ದ. ಸಿನಿಮಾಗೆ ಮೂಲ ಆ ಕಾಗದಗಳ ಪುಸ್ತಕವೇ. ಅಮೆರಿಕದ ಫ್ಯಾಕ್ಟರಿಗಳನ್ನ ಕಣ್ಣಾರೆ ನೋಡಿದವನು, ಆ ದೇಶದ ಜೊತೆ ಯುದ್ಧ ಬೇಡ ಅನ್ನೋ ಕಡೆ ಇದ್ದವನು, ಕೊನೆಗೆ ಅದೇ ದೇಶದ ಎದುರು ಸಾಯೋಕೆ ಅಂತ 1944ರ ಜೂನಲ್ಲಿ ದ್ವೀಪಕ್ಕೆ ಬಂದ. ಬಂದವನೇ ಸಮುದ್ರದ ದಡದಲ್ಲಿ ತಡೆಯೋ ಹಳೇ ಪದ್ಧತಿ ಬಿಟ್ಟು ಎಲ್ಲರನ್ನೂ ನೆಲದೊಳಗೆ ಇಳಿಸಿದ. ಸುಮಾರು 18 ಕಿಲೋಮೀಟರ್ ಸುರಂಗ ತೋಡಿದ್ರು, ಒಳಗೆ ಕೆಲವು ಕಡೆ 60 ಡಿಗ್ರಿವರೆಗೂ ಬಿಸಿ, ಜ್ವಾಲಾಮುಖಿ ನೆಲ ಅಲ್ವಾ, ಒಬ್ಬ ಕೆಲವೇ ನಿಮಿಷ ಅಗೆದು ಹೊರಗೆ ಬರ್ಬೇಕು, ಇನ್ನೊಬ್ಬ ಒಳಗೆ ಹೋಗ್ಬೇಕು. 'ಬನ್ಜಾಯ್' ಅಂತ ಕೂಗ್ಕೊಂಡು ಕತ್ತಿ ಹಿಡಿದು ನುಗ್ಗಿ ಸಾಯೋದನ್ನ ನಿಷೇಧ ಮಾಡಿದ. ಸಿನಿಮಾದಲ್ಲಿ ಕೆಳಗಿನ ಆಫೀಸರ್‌ಗಳು ಇದಕ್ಕೆ ಕೆರಳ್ತಾರಲ್ಲ, ಆ ಜಗಳನೂ ನಿಜ, ನೌಕಾಪಡೆಯವರು ಕೊನೆವರೆಗೂ ದಡದ ಮೇಲೆ ಕಾಂಕ್ರೀಟ್ ಗೂಡು ಬೇಕು ಅಂತ ಹಟ ಹಿಡಿದಿದ್ರು.

ಇದನ್ನ ನೋಡಿ ತುಂಬಾ ಜನ ಒಂದು ತಪ್ಪು ತಿಳ್ಕೊಳ್ತಾರೆ, ಓ ಇವನು ಸೈನಿಕರನ್ನ ಉಳಿಸೋಕೆ ನೋಡಿದ ಅಂತ. ಇಲ್ಲ. ನಿಧಾನಕ್ಕೆ ಸಾಯಿರಿ, ಸಾಯೋ ಮುಂಚೆ ತಲಾ ಹತ್ತು ಜನರನ್ನ ಕೊಲ್ಲಿ ಅಂತ ಪ್ರತಿಜ್ಞೆ ಮಾಡಿಸಿದವನು ಇವನೇ. ಅವನ ಲೆಕ್ಕ ಇಷ್ಟೇ, ನಾವು ಇಲ್ಲಿ ಒಂದು ದಿನ ಜಾಸ್ತಿ ನಿಂತ್ರೆ ಊರಲ್ಲಿರೋ ಹೆಂಗಸರು ಮಕ್ಕಳ ತಲೆ ಮೇಲೆ ಬಾಂಬ್ ಬೀಳೋದು ಒಂದು ದಿನ ತಡ ಆಗತ್ತೆ. ಆದ್ರೆ ಅವರು ಸುರಂಗದಲ್ಲಿ ಇನ್ನೂ ಹೋರಾಡ್ತಿರೋವಾಗ್ಲೇ, ಮಾರ್ಚ್ 9ರ ರಾತ್ರಿ ಬೆಳಗಾಗೋದ್ರೊಳಗೆ ಟೋಕಿಯೋ ಸುಟ್ಟು ಹೋಯ್ತು, ಸುಮಾರು ಒಂದು ಲಕ್ಷ ಜನ ಸತ್ರು. ಸಿನಿಮಾ ಇದನ್ನ ತೋರಿಸಲ್ಲ. ನಾನು ಪಾಠ ಮಾಡೋವಾಗ ಇದನ್ನ ಹೇಳಿದ್ರೆ ಕ್ಲಾಸಲ್ಲಿ ಒಂದು ನಿಮಿಷ ಯಾರೂ ಮಾತಾಡಲ್ಲ.

ಬ್ಯಾರನ್ ನಿಶಿನೂ ನಿಜ. 1932ರ ಲಾಸ್ ಏಂಜಲೀಸ್ ಒಲಿಂಪಿಕ್ಸಲ್ಲಿ ಯುರೇನಸ್ ಅನ್ನೋ ಕುದುರೆ ಮೇಲೆ ಚಿನ್ನ ಗೆದ್ದವನು, ಹಾಲಿವುಡ್ ಮಂದಿ ಜೊತೆ ಓಡಾಡಿದವನು, ಇವೊ ಜಿಮಾದಲ್ಲಿ ಟ್ಯಾಂಕ್ ರೆಜಿಮೆಂಟಿನ ಕಮಾಂಡರ್. ಟ್ಯಾಂಕ್ ಓಡಿಸೋಕೆ ಜಾಗ ಎಲ್ಲಿದೆ, ನೆಲದಲ್ಲಿ ಕುತ್ತಿಗೆವರೆಗೂ ಹೂತು ಫಿರಂಗಿ ಥರ ಬಳಸಿದ್ರು. ಗಾಯಗೊಂಡ ಅಮೆರಿಕನ್ ಹುಡುಗ ಸ್ಯಾಮ್‌ನ ಅಮ್ಮ ಬರೆದ ಕಾಗದವನ್ನ ನಿಶಿ ಜೋರಾಗಿ ಓದಿ ಹೇಳೋ ಸೀನ್ ಮಾತ್ರ ಕಟ್ಟಿದ್ದು. ಸಿನಿಮಾದ ಉದ್ದಕ್ಕೂ ಬರೋ ಬೇಕರಿ ಹುಡುಗ ಸೈಗೋನೂ ಕಲ್ಪನೆ, ಮಿಲಿಟರಿ ಪೊಲೀಸಿಂದ ಹೊರಗೆ ಹಾಕಿಸ್ಕೊಂಡ ಶಿಮಿಝುನೂ ಕಲ್ಪನೆ. ಕುರಿಬಯಾಶಿ ಹೇಗೆ ಸತ್ತ ಅಂತ ಸಿನಿಮಾ ತೋರಿಸೋದೂ ಅಷ್ಟೇ, ಅವನ ಹೆಣ ಸಿಗ್ಲೇ ಇಲ್ಲ.

ಆದ್ರೆ ಸೈಗೋ ಹೆಸರು ಕಲ್ಪನೆ, ಬದುಕು ಕಲ್ಪನೆ ಅಲ್ಲ. ಆ ಒಂದು ಸೀನ್ ಇನ್ನೊಂದ್ಸಲ ನೋಡಿ. ರಾತ್ರಿ ಬಾಗಿಲು ತಟ್ತಾರೆ, ಊರಿನ ದೇಶಭಕ್ತ ಮಹಿಳಾ ಸಂಘದವರು, ಸೇನೆಗೆ ಕರೆ ಬಂದಿರೋ ಕಾಗದ ಕೊಟ್ಟು ಅಭಿನಂದನೆ ಹೇಳ್ತಾರೆ. ಹೆಂಡತಿ ಹನಾಕೊ ತುಂಬು ಬಸುರಿ. ಅವಳು ನಂಗೆ ಇವನೊಬ್ಬನೇ ಇರೋದು ಅನ್ನೋ ಥರ ಏನೋ ಹೇಳೋಕೆ ಹೋದ್ರೆ ಎದುರಿಗಿರೋ ಹೆಂಗಸು, ನಾವೆಲ್ಲ ಗಂಡಂದಿರನ್ನ ಮಕ್ಕಳನ್ನ ಕಳಿಸಿಲ್ವಾ ಅಂತ ಬಾಯಿ ಮುಚ್ಚಿಸ್ತಾಳೆ. ಅದಕ್ಕೂ ಮುಂಚೆ ಅಂಗಡಿಯಲ್ಲಿದ್ದ ತಿಂಡಿ ಹೋಯ್ತು, ಆಮೇಲೆ ಕಬ್ಬಿಣ ಬೇಕು ಅಂತ ಬೇಕರಿ ಸಾಮಾನೇ ಹೋಯ್ತು, ಇನ್ನೇನೂ ಉಳಿದಿಲ್ಲ ಅನ್ನೋವಾಗ ಮನುಷ್ಯನೇ ಹೋದ. ಒಬ್ಬನೂ ಕೂಗಾಡಲ್ಲ ಆ ಸೀನಲ್ಲಿ. ಎಲ್ಲರೂ ಬಗ್ಗಿ ನಮಸ್ಕಾರ ಮಾಡ್ತಾರೆ. 1941ರಲ್ಲಿ ಸೇನೆ ಹೊರಡಿಸಿದ್ದ ನಿಯಮಪುಸ್ತಕದಲ್ಲಿ, ಬದುಕಿದ್ದು ಸೆರೆಯಾಳಾಗೋ ಅವಮಾನ ಅನುಭವಿಸಬೇಡ ಅಂತ ಸ್ಪಷ್ಟವಾಗೇ ಇತ್ತು. ಸುರಿಬಾಚಿ ಗುಹೆಯಲ್ಲಿ ಒಬ್ಬೊಬ್ಬರೇ ಗ್ರೆನೇಡ್ ಪಿನ್ ಕಿತ್ತು ಹೆಲ್ಮೆಟ್ಟಿಗೆ ಕುಟ್ಟಿ ಎದೆಗೆ ಅವುಚ್ಕೊಳೋದು ನಮಗೆ ಹುಚ್ಚು ಅನ್ಸತ್ತೆ, ಆದ್ರೆ ಅದರ ಶುರು ಆ ಗುಹೆಯಲ್ಲಲ್ಲ, ಆ ಬಾಗಿಲ ಹತ್ರ ನಡೆದ ನಮಸ್ಕಾರದಲ್ಲಿ.

ನಂಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ಮುಖ್ಯ ಅನ್ಸೋದು ಸಿನಿಮಾದಲ್ಲಿಲ್ಲದ ಒಂದು ಪದ. ಕೊನೆ ದಾಳಿಗೆ ಮುಂಚೆ ಕುರಿಬಯಾಶಿ ಟೋಕಿಯೋಗೆ ವಿದಾಯದ ಟೆಲಿಗ್ರಾಮ್ ಕಳಿಸಿದ, ಜೊತೆಗೆ ಪದ್ಯ. ಒಂದು ಪದ್ಯದ ಅರ್ಥ ಹೆಚ್ಚುಕಮ್ಮಿ ಹೀಗೆ: ನಾಡು ಹೊರಿಸಿದ ಭಾರ ಹೊತ್ತು ಮುಗಿಸೋಕಾಗದೆ, ಬಾಣ ಗುಂಡು ಎಲ್ಲ ಬರಿದಾಗಿ, ಉದುರಿ ಹೋಗ್ತಿದ್ದೀವಿ, ದುಃಖವಾಗ್ತಿದೆ. ಕೊನೇ ಪದ 'ಕನಶಿಕಿ', ಅಂದ್ರೆ ದುಃಖ. ಪೇಪರಲ್ಲಿ ಅಚ್ಚಾಗೋವಾಗ ಟೋಕಿಯೋದ ಸೇನಾ ಕಚೇರಿ ಆ ಪದ ತೆಗೆದು 'ಕುಚಿಒಶಿ' ಅಂತ ಹಾಕ್ತು, ಅಂದ್ರೆ ಸೋತದ್ದಕ್ಕೆ ಹಲ್ಲು ಕಚ್ಚೋ ಥರದ್ದು, ರೋಷ ಅನ್ನಬಹುದು. ಇಪ್ಪತ್ತು ಸಾವಿರ ಜನರನ್ನ ಸಾಯೋಕೆ ಕಳಿಸಿ, ಕೊನೇ ಗಳಿಗೆಯಲ್ಲಿ ಅವರ ಜನರಲ್ ದುಃಖ ಆಗ್ತಿದೆ ಅಂದಿದ್ದನ್ನ ಒಂದು ಸರ್ಕಾರಕ್ಕೆ ತಡ್ಕೊಳಕ್ಕಾಗ್ಲಿಲ್ಲ. ಸಿಟ್ಟು ಬಂದ್ರೆ ಪರವಾಗಿಲ್ಲ, ದುಃಖ ಪಡೋ ಹಾಗಿಲ್ಲ. ನೀವು ಅತ್ರಿ ಅಂದ್ರಲ್ಲ, ಆ ಪದ ವಾಪಸ್ ಬಂದಿದ್ದು ನಿಮ್ಮ ಆ ಅಳುವಲ್ಲಿ ಅಂತ ನಾನು ಅಂದ್ಕೋತೀನಿ. ಈ ಸಿನಿಮಾ ಎರಡೂವರೆ ಗಂಟೆ ಹತ್ರ ಮಾಡೋ ಕೆಲಸ ಅದೊಂದೇ.

ಅವನ ಇನ್ನೊಂದು ಕಾಗದ ಇದೆ, ದ್ವೀಪಕ್ಕೆ ಬಂದ ಹೊಸದರಲ್ಲಿ ಹೆಂಡತಿಗೆ ಬರೆದಿದ್ದು. ಇಲ್ಲಿಂದ ಬದುಕಿ ಬರಲ್ಲ ಅಂತ ಗೊತ್ತಿದೆ. ಮನೆ ಕೆಲಸ ಎಲ್ಲ ಹೆಚ್ಚುಕಮ್ಮಿ ಮುಗಿಸಿ ಬಂದೆ, ಅಡುಗೆಮನೆ ನೆಲದ ಸಂದಿಯಿಂದ ನುಗ್ಗೋ ಚಳಿಗಾಳಿಗೆ ಮಾತ್ರ ಏನೂ ಮಾಡದೆ ಬಂದ್ಬಿಟ್ಟೆ, ಅದೇ ಮನಸ್ಸಿಗೆ ಕೊರೀತಿದೆ ಅಂತ ಬರೀತಾನೆ. ಸಿನಿಮಾದಲ್ಲೂ ಇದು ಬರತ್ತೆ, ಬೇಗ ಹೋಗ್ಬಿಡತ್ತೆ, ಸಬ್‌ಟೈಟಲ್ ಓದೋ ಗಡಿಬಿಡಿಯಲ್ಲಿ ತಪ್ಪಿ ಹೋಗಿರಬಹುದು. ಸೇನಾಪತಿ ಒಬ್ಬ ಸಾವಿನ ಎದುರು ಕೂತು ಅಡುಗೆಮನೆ ಹಲಗೆ ಬಗ್ಗೆ ಯೋಚನೆ ಮಾಡ್ತಾನೆ. ಇದನ್ನ ಯಾವ ಸ್ಕ್ರಿಪ್ಟ್ ರೈಟರೂ ಕಟ್ಟಿದ್ದಲ್ಲ.

ಈಗ ನಿಮ್ಮಜ್ಜನ ಕಡೆಗೆ ಬರ್ತೀನಿ, ಯಾಕಂದ್ರೆ ಅವರ ಮಾತು ಇಲ್ಲಿ ಬಿಟ್ಟು ಹೋಗಬಾರದು.

ಸಿನಿಮಾ ಕುರಿಬಯಾಶಿಯ ಅಮೆರಿಕದ ದಿನಗಳನ್ನ ಫ್ಲ್ಯಾಶ್‌ಬ್ಯಾಕಲ್ಲಿ ತೋರಿಸತ್ತೆ, ಪಾರ್ಟಿ, ಉಡುಗೊರೆಯಾಗಿ ಕೊಟ್ಟ ಪಿಸ್ತೂಲು, ನಗುಮುಖ. ಆದ್ರೆ 1941ರ ಡಿಸೆಂಬರಲ್ಲಿ ಹಾಂಗ್‌ಕಾಂಗ್ ಹಿಡಿದ ಸೇನೆಗೆ ಚೀಫ್ ಆಫ್ ಸ್ಟಾಫ್ ಆಗಿದ್ದವನೂ ಇವನೇ ಅನ್ನೋದರ ಸುದ್ದಿ ಇಲ್ಲ. ಅಲ್ಲಿ ಕ್ರಿಸ್‌ಮಸ್ ದಿನ ಸೇಂಟ್ ಸ್ಟೀಫನ್ಸ್ ಕಾಲೇಜಲ್ಲಿ ನಡೀತಿದ್ದ ಆಸ್ಪತ್ರೆಗೆ ಜಪಾನಿ ಸೈನಿಕರು ನುಗ್ಗಿ ಹಾಸಿಗೆ ಮೇಲಿದ್ದ ಗಾಯಾಳುಗಳನ್ನ ಬಯೋನೆಟ್ಟಲ್ಲಿ ಇರಿದ್ರು, ನರ್ಸ್‌ಗಳ ಮೇಲೆ ಅತ್ಯಾಚಾರ ಮಾಡಿ ಕೊಂದ್ರು. ಇವನೇ ಹೇಳಿ ಮಾಡಿಸಿದ ಅಂತ ನಾನು ಹೇಳ್ತಿಲ್ಲ. ಆದ್ರೆ ಒಬ್ಬ ಮನುಷ್ಯನ ಬದುಕಲ್ಲಿ ಯಾವ ವರ್ಷಗಳನ್ನ ತೋರಿಸ್ತೀವಿ ಯಾವುದನ್ನ ಬಿಡ್ತೀವಿ ಅನ್ನೋದ್ರಲ್ಲೇ ಅರ್ಧ ತೀರ್ಪು ಇರತ್ತೆ. ಜಪಾನಿ ಸೇನೆ ಹತ್ಯಾಕಾಂಡ ನಡೆಸಿದ ಚೀನಾದ ನಾನ್‌ಜಿಂಗ್ ನಗರ ಇಲ್ಲ, ಚೀನಾ ಅನ್ನೋ ದೇಶನೇ ಇಲ್ಲ ಈ ಸಿನಿಮಾದಲ್ಲಿ. ಕೂಲಿಗೆ ಅಂತ ತಂದಿದ್ದ ಕೊರಿಯಾದವರಿಲ್ಲ. ದ್ವೀಪದಲ್ಲೇ ಮನೆ ಮಾಡ್ಕೊಂಡಿದ್ದ ಸುಮಾರು ಸಾವಿರ ಜನರನ್ನ 1944ರಲ್ಲಿ ಎಬ್ಬಿಸಿ ಕಳಿಸಿ, ಸುಮಾರು ನೂರು ಗಂಡಸರನ್ನ ಮಾತ್ರ ಸೇನೆ ಕೆಲಸಕ್ಕೆ ಉಳಿಸ್ಕೊಂಡಿದ್ರು, ಅವರಲ್ಲೂ ಹೆಚ್ಚಿನವರು ಸತ್ರು, ಅವರ ಸುದ್ದಿನೂ ಇಲ್ಲ. ಅಂದ್ರೆ ಜಪಾನಿ ಸೇನೆಯಿಂದ ಏಟು ತಿಂದ ಏಷ್ಯಾದ ಜನ ಯಾರೂ ತೆರೆ ಮೇಲಿಲ್ಲ. ಇರೋದು ಜಪಾನಿ, ಅಮೆರಿಕನ್ ಅಷ್ಟೇ. ಇದು ನನ್ನ ದೊಡ್ಡ ತಕರಾರು, ಸಿನಿಮಾ ಬಗ್ಗೆ ಎಷ್ಟೇ ಪ್ರೀತಿ ಇದ್ರೂ ಇದನ್ನ ಬಿಟ್ಟುಕೊಡಲ್ಲ.

ನಿಮ್ಮಜ್ಜ ಆ ತೆರೆ ಮೇಲಿಲ್ಲದ ಏಷ್ಯಾದವರು. ಅವರು ನೋಡಿದ್ದು ಕಾಗದ ಬರೆಯೋ ಜಪಾನಿಯನ್ನಲ್ಲ, ಬಂದೂಕು ಹಿಡಿದಿರೋ ಜಪಾನಿಯನ್ನ. ನಿಮ್ಮೂರಿನವರೇ ಆದ ಜನರಲ್ ತಿಮ್ಮಯ್ಯನವರು ಬರ್ಮಾದ ಅರಾಕಾನಲ್ಲಿ ಬೆಟಾಲಿಯನ್ ನಡೆಸಿ ಡಿಎಸ್‌ಒ ಅನ್ನೋ ಬ್ರಿಟಿಷ್ ಸೇನಾ ಪದಕ ಪಡೆದಿದ್ದು ಇದೇ ಸೇನೆಯ ಎದುರು, ಇವೊ ಜಿಮಾಕ್ಕೆ ಅಮೆರಿಕನ್ನರು ಇಳಿಯೋಕೆ ಕೆಲವೇ ವಾರ ಮುಂಚೆ ಕಾಂಗಾವ್‌ನಲ್ಲಿ ಕೈಗೆ ಕೈ ಹತ್ತೋ ಥರದ ಯುದ್ಧ ಅದು. ಮಡಿಕೇರಿಯಲ್ಲಿ ಅವರ ಮನೆ ಸನ್ನಿಸೈಡ್ ಈಗ ಮ್ಯೂಸಿಯಂ ಆಗಿದ್ಯಲ್ಲ, ಹೋಗಿಲ್ದಿದ್ರೆ ಒಂದ್ಸಲ ಹೋಗಿ ಬನ್ನಿ.

ಮತ್ತೆ ಅದೇ ಬರ್ಮಾ ಕಡೆ, ಎದುರಿನ ಸಾಲಲ್ಲಿ ಏನಾಗಿತ್ತು ಅಂತನೂ ಕೇಳಿ. 1944ರಲ್ಲಿ ಜಪಾನಿ ಜನರಲ್ ಮುತಾಗುಚಿ ಅನ್ನೋನು ಸುಮಾರು 85,000 ಜನರನ್ನ ಇಂಫಾಲ್, ಕೊಹಿಮಾ ಕಡೆ ನಡೆಸಿದ. ಊಟ ಕೆಲವು ವಾರಕ್ಕೆ ಆಗೋಷ್ಟು, ಆಮೇಲಿಂದು ಶತ್ರು ಗೋದಾಮು ಹಿಡಿದು ತಿನ್ನಿ ಅಂತ ಲೆಕ್ಕ. ಗೋದಾಮು ಸಿಗ್ಲಿಲ್ಲ. ಸುಮಾರು 30,000 ಜನ ಸತ್ರು, ಗುಂಡಿಗಿಂತ ಹಸಿವು, ಮಲೇರಿಯಾ, ಭೇದಿಗೇ ಜಾಸ್ತಿ. ಕೊಹಿಮಾದಲ್ಲಿದ್ದ 31ನೇ ಡಿವಿಷನ್ನಿನ ಸಾತೊ ಅನ್ನೋ ಜನರಲ್, ಊಟ ಕಳಿಸಿ ಕಳಿಸಿ ಅಂತ ಕೇಳಿ ಕೇಳಿ ಸಾಕಾಗಿ, ಮೇಲಿನವರ ಆರ್ಡರ್ ಮೀರಿ ತನ್ನ ಜನರನ್ನ ಹಿಂದಕ್ಕೆ ಕರ್ಕೊಂಡು ಹೊರಟ. ಅವನನ್ನ ಹುದ್ದೆಯಿಂದ ತೆಗೆದ್ರು. ಕೋರ್ಟ್ ಮಾರ್ಷಲ್ ಮಾಡಿ, ಎಲ್ಲ ಹೇಳ್ತೀನಿ ಅಂತ ಅವನೇ ಕೇಳ್ಕೊಂಡ, ಮಾಡ್ಲಿಲ್ಲ, ತಲೆ ಸರಿ ಇಲ್ಲ ಅಂತ ಡಾಕ್ಟರ್ ಕೈಲಿ ಬರೆಸಿ ಮೂಲೆಗೆ ಕೂರಿಸಿದ್ರು. ಪದ್ಯದಲ್ಲಿ ದುಃಖ ಅಂತ ಬರೆದವನ ಪದ ತಿದ್ದಿದ್ರು, ಹಸಿವು ಅಂದವನ ತಲೆನೇ ಕೆಟ್ಟಿದೆ ಅಂದ್ರು. ನಿಮ್ಮಜ್ಜನ ಕಾಲಿಗೆ ಹೊಡೆದವನೂ ಬಹುಶಃ ಎಷ್ಟೋ ದಿನದಿಂದ ಅನ್ನ ಕಾಣದವನೇ ಇರಬಹುದು. ಅದರಿಂದ ಗುಂಡಿನ ನೋವು ಕಮ್ಮಿ ಆಗಲ್ಲ, ಆಗಬೇಕು ಅಂತನೂ ಇಲ್ಲ. ಅಜ್ಜನ ಸಿಟ್ಟು ಅವರ ಮೈ ಮೇಲಿನ ಗಾಯದ್ದು. ನಿಮ್ಮ ಕಣ್ಣೀರು ನೀವು ತೆರೆ ಮೇಲೆ ಮುಖ ನೋಡಿದ ಹುಡುಗರದ್ದು. ಒಂದು ನಿಜ ಆಗೋಕೆ ಇನ್ನೊಂದು ಸುಳ್ಳಾಗ್ಬೇಕಿಲ್ಲ.

ಒಂದು ಮಾತು ಸಿನಿಮಾ ಪರವಾಗಿ. ಅದು ಜಪಾನಿಗಳನ್ನ ದೇವರು ಮಾಡಿಲ್ಲ. ಸಿಕ್ಕ ಅಮೆರಿಕನ್ ಸೈನಿಕನನ್ನ ಗುಹೆಯೊಳಗೆ ಎಳ್ಕೊಂಡು ಬಂದು ಇರಿಯೋದನ್ನೂ ತೋರಿಸತ್ತೆ, ಕೈ ಎತ್ತಿ ಶರಣಾದ ಶಿಮಿಝುನ ಕಾವಲಿಗಿದ್ದ ಅಮೆರಿಕನ್ನೇ, ರಾತ್ರಿಯೆಲ್ಲ ಯಾರು ಇವನನ್ನ ಕಾಯ್ತಾರೆ ಅಂತ ಗುಂಡಿಟ್ಟು ಕೊಲ್ಲೋದನ್ನೂ ತೋರಿಸತ್ತೆ. ಅಮೆರಿಕದ ಡೈರೆಕ್ಟರ್ ಒಬ್ಬರು ಅಮೆರಿಕದ ದುಡ್ಡಲ್ಲಿ ಆ ಸೀನ್ ಇಟ್ಟಿದ್ದಕ್ಕೆ ಧೈರ್ಯ ಬೇಕಿತ್ತು.

ಸಿನಿಮಾ ಬಂದ ಮೇಲೆ ಜಪಾನಲ್ಲಿ ಒಂದು ವಿಚಿತ್ರ ಆಯ್ತು. ದ್ವೀಪದ ಹಳೇ ನಿವಾಸಿಗಳು, ನಮ್ಮೂರಿನ ಹೆಸರು ಇವೊ ಜಿಮಾ ಅಲ್ಲ, ನಾವು ಯಾವತ್ತೂ ಇಒ ತೊ ಅಂತಿದ್ವಿ, ಯುದ್ಧಕ್ಕೆ ಬಂದ ಸೇನೆಯವರು ತಪ್ಪಾಗಿ ಕರೆದು ಅದೇ ಉಳ್ಕೊಳ್ತು ಅಂತ ದನಿ ಎತ್ತಿದ್ರು, 2007ರ ಜೂನಲ್ಲಿ ಸರ್ಕಾರ ಅಧಿಕೃತವಾಗಿ ಇಒ ತೊ ಅಂತನೇ ಮಾಡ್ತು. ಹೆಸರು ವಾಪಸ್ ಸಿಕ್ತು, ಊರು ಸಿಕ್ಕಿಲ್ಲ. ಅಲ್ಲೀಗ ಸೇನಾ ನೆಲೆ ಇದೆ, ಹೋಗಿ ಬದುಕೋಕೆ ಇವತ್ತಿಗೂ ಬಿಡಲ್ಲ. ನೆಲದಡಿ ಹತ್ತು ಸಾವಿರಕ್ಕೂ ಹೆಚ್ಚು ಸೈನಿಕರ ಮೂಳೆ ಇನ್ನೂ ಸಿಕ್ಕಿಲ್ಲ. 1994ರಲ್ಲಿ ಚಕ್ರವರ್ತಿ ಅಕಿಹಿತೊ ಅಲ್ಲಿಗೆ ಹೋಗಿ ಬಂದು ಒಂದು ಪದ್ಯ ಬರೆದ್ರು, ಇದ್ದ ಶಕ್ತಿಯೆಲ್ಲ ಸುರಿದು ಹೋರಾಡಿದವರು ಇನ್ನೂ ನೆಲದಡಿ ಮಲಗಿದ್ದಾರೆ, ದ್ವೀಪ ದುಃಖದಲ್ಲಿದೆ ಅಂತ. ಕೊನೇ ಪದ ಕನಶಿಕಿ. ಯುದ್ಧ ಮುಗಿದು ನಲವತ್ತೊಂಬತ್ತು ವರ್ಷ ಆದ ಮೇಲೆ, ಯಾರ ಹೆಸರಲ್ಲಿ ಅವರೆಲ್ಲ ಸತ್ರೋ ಆ ಚಕ್ರವರ್ತಿಯ ಮಗನ ಕೈಯಿಂದ.

ಮುಂದೆ ಏನು ನೋಡ್ಲಿ ಅಂತ ನೀವು ಕೇಳಿಲ್ಲ, ಆದ್ರೂ ಹೇಳ್ತೀನಿ. ಜಪಾನಿಗಳೇ ತಮ್ಮ ಸೇನೆ ಬಗ್ಗೆ ಮಾಡಿದ ಸಿನಿಮಾ ನೋಡಿ, ಅವು ಇದಕ್ಕಿಂತ ಕಠೋರ. ಕೋನ್ ಇಚಿಕಾವಾ ಅವರ 'ಫೈರ್ಸ್ ಆನ್ ದ ಪ್ಲೇನ್', 1959ರದ್ದು, ಫಿಲಿಪ್ಪೀನ್ಸಲ್ಲಿ ಹಸಿದು ಅಲೆಯೋ ಸೈನಿಕ, ಮನುಷ್ಯನನ್ನ ಮನುಷ್ಯ ತಿನ್ನೋವರೆಗೂ ಹೋಗತ್ತೆ. ಅವರದ್ದೇ 'ದ ಬರ್ಮೀಸ್ ಹಾರ್ಪ್', 1956, ಬರ್ಮಾದಲ್ಲೇ ನಡೆಯೋ ಕತೆ, ಹೆಣಗಳನ್ನ ಹೂಳೋಕೆ ಅಂತ ಊರಿಗೆ ವಾಪಸ್ ಹೋಗದೆ ಉಳಿಯೋ ಸೈನಿಕನದ್ದು. ಮಸಾಕಿ ಕೊಬಯಾಶಿ ಅವರ 'ದ ಹ್ಯೂಮನ್ ಕಂಡಿಷನ್' ಮೂರು ಭಾಗ, ಒಟ್ಟು ಒಂಬತ್ತು ಗಂಟೆ ಮೇಲಿದೆ, ಈಸ್ಟ್‌ವುಡ್ ಬಿಟ್ಟ ಚೀನಾದ ಕೂಲಿಗಳು ಅದರ ಮೊದಲ ಭಾಗದಲ್ಲೇ ಸಿಗ್ತಾರೆ. ಎಲ್ಲ ಜಪಾನಿ ಸೌಂಡಲ್ಲೇ ನೋಡಿ, ಡಬ್ಬಿಂಗ್ ಬೇಡ. ಒಂದೇ ವಾರದಲ್ಲಿ ಮುಗಿಸೋಕೆ ಹೋಗ್ಬೇಡಿ. ನಿಮ್ಮ ಮನೆಯಲ್ಲಿ ಅಜ್ಜನ ಕಾಲದ ಕಾಗದ, ಪೇ ಬುಕ್, ಏನಾದ್ರೂ ಪೆಟ್ಟಿಗೆಯಲ್ಲಿ ಉಳಿದಿದ್ರೆ ಬರ್ಮೀಸ್ ಹಾರ್ಪ್ ನೋಡೋಕೆ ಮುಂಚೆ ಅದನ್ನ ತೆಗೆದು ಓದಿ, ಅವರ ರೆಜಿಮೆಂಟ್ ಯಾವುದು ಅಂತ ಗೊತ್ತಾದ್ರೆ ನಂಗೆ ಬರೀರಿ, ಅವರು ಯಾವ ಜಾಗದಲ್ಲಿ ಯಾರ ಎದುರು ಇದ್ರು ಅಂತ ಹುಡುಕೋಣ.